ಗುರುತಿಗೂ ರಕ್ಷಣೆಗೂ ನಡುವೆ: ಮಂಗನ ಕಾಯಿಲೆಯ ಪ್ರತಿಜನಕ ಮತ್ತು ದೇಹದ ಪ್ರತಿಕ್ರಿಯೆ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನ ಸುತ್ತ ಗೋವಿನಜೋಳ, ಹತ್ತಿಯ ಹೊಲಗಳು. ಪಶ್ಚಿಮಕ್ಕೆ ಆನವಟ್ಟಿ ಹಾದು ಸೊರಬದ ಕಡೆ ಹೊರಳಿದರೆ ಬಯಲು ಸರಿದು ಕಾಡು ಶುರುವಾಗುತ್ತದೆ. ಆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮುಸುವಗಳೂ ಮಂಗಗಳೂ ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ಮೈನೋವು, ರಕ್ತಸ್ರಾವದಿಂದ ಹಾಸಿಗೆ ಹಿಡಿದರು. ರೋಗ ಹರಡುವ ಉಣುಗು, ಸಾಯುವ ಮಂಗ, ಕಾಡಿಗೆ ಹೋಗುವ ಮನುಷ್ಯ ಈ ಮೂವರ ಕಥೆ ಸಾಕಷ್ಟು ದಾಖಲಾಗಿದೆ. ಪ್ರಸ್ತುತ ಲೇಖನದ ಆಸಕ್ತಿ ಬೇರೆ. ದೇಹವು ಒಂದು ಪ್ರತಿಜನಕವನ್ನು, ಅಂದರೆ ರೋಗನಿರೋಧಕ ಪ್ರತಿಕ್ರಿಯೆ ಹುಟ್ಟಿಸುವ ಹೊರಗಿನ ಅಂಶವನ್ನು, ಗುರುತಿಸಿದ ಮಾತ್ರಕ್ಕೆ ರೋಗದಿಂದ ರಕ್ಷಣೆ ಸಿಕ್ಕಿತೆಂದಲ್ಲ. ಮಂಗನ ಕಾಯಿಲೆಯ ಲಸಿಕೆಗಳು ಎಡವಿದ್ದು ಬಹುಮಟ್ಟಿಗೆ ಈ ಅಂತರದಲ್ಲೇ ಎಂಬುದು ನನ್ನ ವಾದ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಸತ್ತ ಮಂಗನಿಂದ ವೈರಸ್ಸನ್ನು ಬೇರ್ಪಡಿಸಿದಾಗ ಅದರ ಕುಲ ತಿಳಿದದ್ದು ಸೀರಂ ಪರೀಕ್ಷೆಗಳಿಂದ. ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ ವೈರಸ್ಸಿನೊಂದಿಗೆ ಅದು ಅಡ್ಡಪ್ರತಿಕ್ರಿಯೆ ತೋರಿತು. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಹಿಡಿಯಿತು. ಸೈಬೀರಿಯಾದ ಕಾಡಿನ ಉಣುಗು ರೋಗದ ದಾಯಾದಿ ಮಲೆನಾಡಿನಲ್ಲಿ ಪತ್ತೆಯಾದದ್ದು ಆ ಕಾಲಕ್ಕೆ ದೊಡ್ಡ ಅಚ್ಚರಿ. ಹಾಗಿದ್ದರೆ ರಷ್ಯನ್ ವೈರಸ್ಸಿನ ಲಸಿಕೆ ಇಲ್ಲಿಯೂ ಕೆಲಸ ಮಾಡಬೇಕಲ್ಲ? ಇಲಿಮರಿಗಳ ಮಿದುಳಿನಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದ ಆ ಲಸಿಕೆಯನ್ನು ಇಲ್ಲಿನ ಜನರಿಗೆ ಕೊಟ್ಟು ನೋಡಲಾಯಿತು. ರಕ್ಷಣೆ ಸಿಗಲಿಲ್ಲ.

ಕಾರಣ ಪ್ರತಿಜನಕದ ರಚನೆಯಲ್ಲೇ ಇದೆ. ದೇಹದ ರೋಗನಿರೋಧಕ ವ್ಯವಸ್ಥೆ ಇಡೀ ವೈರಸ್ಸನ್ನು ಒಟ್ಟಾಗಿ ನೋಡುವುದಿಲ್ಲ, ಅದರ ಮೇಲ್ಮೈಯ ಸಣ್ಣ ಸಣ್ಣ ತಾಣಗಳನ್ನು ನೋಡುತ್ತದೆ. ಈ ವೈರಸ್ಸು ಸೇರಿರುವ ಫ್ಲೇವಿವೈರಸ್ ಕುಲದಲ್ಲಿ ಬಲಿತ ಕಣದ ಹೊರಮೈಯನ್ನು ‘ಇ’ ಪ್ರೋಟೀನಿನ 180 ಪ್ರತಿಗಳು ಜೋಡಿಜೋಡಿಯಾಗಿ ಮುಚ್ಚಿರುತ್ತವೆ. ಅದರ ಕೆಲವು ಭಾಗಗಳು ಇಡೀ ಕುಲಕ್ಕೆ ಸಾಮಾನ್ಯ. ಆ ತಾಣಗಳಿಗೆ ಅಂಟುವ ಪ್ರತಿಕಾಯಗಳು ಪ್ರಯೋಗಾಲಯದಲ್ಲಿ ಚೆನ್ನಾಗಿ ಕಾಣಿಸಿಕೊಂಡರೂ ವೈರಸ್ಸನ್ನು ತಡೆಯುವ ಶಕ್ತಿ ಅವಕ್ಕೆ ಕಡಿಮೆ. ಜೀವಕೋಶದೊಳಕ್ಕೆ ನುಗ್ಗಲು ವೈರಸ್ಸು ಬಳಸುವ ಭಾಗಗಳಲ್ಲಿ ಒಂದೊಂದು ಜಾತಿಗೂ ವ್ಯತ್ಯಾಸವಿದೆ. ನಿಜವಾದ ತಡೆ ಹೆಚ್ಚಾಗಿ ಹುಟ್ಟುವುದು ಅಲ್ಲಿ. ಅಂದಿನ ವಿಜ್ಞಾನಿಗಳಿಗೆ ವೈರಸ್ಸಿನ ವಂಶ ತಿಳಿಸಿದ ಅಡ್ಡಪ್ರತಿಕ್ರಿಯೆಯೇ ಲಸಿಕೆಯ ವಿಷಯದಲ್ಲಿ ಹುಸಿ ಭರವಸೆ ಹುಟ್ಟಿಸಿತು.

ಸಹಜ ಸೋಂಕಿನಲ್ಲಿ ಈ ಗುರುತಿಸುವಿಕೆ ಹಂತಹಂತವಾಗಿ ನಡೆಯುತ್ತದೆ. ಉಣುಗು ಕಚ್ಚಿದಾಗ ಅದರ ಜೊಲ್ಲಿನೊಂದಿಗೆ ವೈರಸ್ಸು ಚರ್ಮಕ್ಕೆ ಇಳಿಯುತ್ತದೆ. ಆ ಜೊಲ್ಲು ಕಚ್ಚಿದ ಜಾಗದ ಉರಿಯೂತವನ್ನು ತಗ್ಗಿಸುವುದರಿಂದ ಎಷ್ಟೋ ಮಂದಿಗೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಚರ್ಮದ ಡೆಂಡ್ರೈಟಿಕ್ ಕೋಶಗಳು ವೈರಸ್ಸಿನ ಅಂಶಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಬಿ ಕೋಶಗಳು ಪ್ರತಿಜನಕದ ಆಕಾರವನ್ನು ಇದ್ದಂತೆಯೇ ಗುರುತಿಸುತ್ತವೆ. ಟಿ ಕೋಶಗಳಿಗೆ ಮಾತ್ರ ಪ್ರೋಟೀನನ್ನು ತುಂಡರಿಸಿ, ಕೋಶದ ಮೇಲ್ಮೈಗೆ ತಂದು ತೋರಿಸಬೇಕು. ಸಹಾಯಕ ಟಿ ಕೋಶದ ಒಪ್ಪಿಗೆ ಸಿಕ್ಕ ಬಿ ಕೋಶಗಳು ವೃದ್ಧಿಯಾಗುತ್ತವೆ. ಮೊದಲು ಐಜಿಎಂ, ಆಮೇಲೆ ಹೆಚ್ಚು ಬಿಗಿಯಾಗಿ ಹಿಡಿಯುವ ಐಜಿಜಿ ಪ್ರತಿಕಾಯಗಳು ಹೊರಬರುತ್ತವೆ. ಕೆಲವು ಕೋಶಗಳು ನೆನಪಾಗಿ ಉಳಿಯುತ್ತವೆ. ಸೋಂಕು ತಗುಲಿದ ಜೀವಕೋಶಗಳನ್ನೇ ಹುಡುಕಿ ಕೊಲ್ಲುವುದು ಇನ್ನೊಂದು ಬಗೆಯ ಟಿ ಕೋಶಗಳ ಕೆಲಸ.

ರಷ್ಯನ್ ಲಸಿಕೆ ಸೋತ ನಂತರ ಬಂದ ಲಸಿಕೆ ಕ್ಯಾಸನೂರು ವೈರಸ್ಸಿನದೇ. ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ್ದು. 1990ರಿಂದ 1992ರವರೆಗಿನ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ಪರಿಣಾಮ ಕಂಡಿತ್ತು. 2005ರಿಂದ 2010ರವರೆಗಿನ ಶಿವಮೊಗ್ಗದ ಮಾಹಿತಿಯನ್ನು ವಿಶ್ಲೇಷಿಸಿದಾಗ ಎರಡು ಡೋಸಿನ ಪರಿಣಾಮ ಶೇ. 62.4ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದಾಗ ಶೇ. 82.9. ಸಾಮರ್ಥ್ಯ ಕುಗ್ಗಿದ ಕಾರಣಕ್ಕೆ 2022ರಲ್ಲಿ ಲಸಿಕೆಯೇ ನಿಂತಿತು.

ಈ ಇಳಿತಕ್ಕೆ ಜನರ ಅಸಡ್ಡೆಯನ್ನು ಹೊಣೆ ಮಾಡುವವರಿದ್ದಾರೆ. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಬಳಿಕ ಐದು ವರ್ಷ ವರ್ಷಕ್ಕೊಂದು ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು ಬೇರೆ. ಕೂಲಿಗೆ ಹೋಗುವವರು ಹಿಂದೆ ಸರಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಇಷ್ಟು ಬೂಸ್ಟರ್ ಬೇಕಾದದ್ದಾದರೂ ಯಾಕೆ ಎಂದು ಮೊದಲು ಕೇಳಬೇಕು. ಫಾರ್ಮಲಿನ್ ಪ್ರೋಟೀನಿನ ಲೈಸಿನ್ ಭಾಗಗಳನ್ನು ಬೆಸೆಯುತ್ತದೆ. ಹೆಚ್ಚಾದರೆ ಬಿ ಕೋಶ ಗುರುತಿಸಬೇಕಾದ ಆಕಾರವೇ ಕೆಡಬಹುದು, ಕಡಿಮೆಯಾದರೆ ವೈರಸ್ಸು ಜೀವಂತ ಉಳಿಯಬಹುದು. ಸತ್ತ ವೈರಸ್ಸು ಕೋಶದೊಳಗೆ ಬೆಳೆಯದ ಕಾರಣ ಕೊಲ್ಲುವ ಟಿ ಕೋಶಗಳು ಹೆಚ್ಚು ಎಚ್ಚರಗೊಳ್ಳುವುದಿಲ್ಲ. ಸೋಂಕಿತ ಕೋಶಗಳು ಹೊರಬಿಡುವ ಎನ್‌ಎಸ್‌1 ಎಂಬ ಪ್ರತಿಜನಕ ವೈರಸ್ ಕಣದ ಭಾಗವಲ್ಲ. ಹಾಗಾಗಿ ಅದರ ಪಾಠವೂ ದೇಹಕ್ಕೆ ಸಿಗದು.

ಇದೇ ಎನ್‌ಎಸ್‌1 ಹಾವೇರಿ ಜಿಲ್ಲೆಯ ಸಣ್ಣ ಲ್ಯಾಬುಗಳಲ್ಲಿ ಇನ್ನೊಂದು ವೇಷದಲ್ಲಿ ಪರಿಚಿತ. ಡೆಂಗಿ ಕಾರ್ಡಿನ ಮೇಲೆ ಎರಡು ಹನಿ ಸೀರಂ ಹಾಕಿ ಗೆರೆ ಮೂಡುವುದನ್ನು ಕಾಯುವಾಗ ಹುಡುಕುತ್ತಿರುವುದು ಡೆಂಗಿ ವೈರಸ್ಸಿನ ಎನ್‌ಎಸ್‌1 ಪ್ರತಿಜನಕವನ್ನು. ಮಂಗನ ಕಾಯಿಲೆಯನ್ನು ಹಿಡಿಯಲು ಆ ಕಾರ್ಡಿಗೆ ಬಾರದು. ಈ ರೋಗದಲ್ಲಿ ಮೊದಲ ದಿನಗಳ ಜ್ವರಕ್ಕೆ ಆರ್‌ಟಿ-ಪಿಸಿಆರ್, ನಾಲ್ಕೈದು ದಿನ ಕಳೆದ ಮೇಲೆ ಐಜಿಎಂ ಪರೀಕ್ಷೆ. ಡೆಂಗಿಯೂ ಇದೂ ಒಂದೇ ಕುಲದವಾದ್ದರಿಂದ ಪ್ರತಿಕಾಯದ ಫಲಿತಾಂಶವನ್ನು ಅಡ್ಡಪ್ರತಿಕ್ರಿಯೆಯ ಶಂಕೆಯಿಟ್ಟುಕೊಂಡೇ ಓದಬೇಕಾಗುತ್ತದೆ. ಡಿಸೆಂಬರಿನಿಂದ ಮೇ ನಡುವೆ ಜ್ವರ ಹೊತ್ತು ಬಂದವರ ಡೆಂಗಿ ಕಾರ್ಡ್ ನೆಗೆಟಿವ್ ಬಂದರೆ, ಸೊರಬ, ಶಿರಸಿ, ಸಿದ್ದಾಪುರದ ಕಡೆ ಕಾಡಿಗೆ ಹೋಗಿದ್ದರೇ, ಅಲ್ಲಿ ಸತ್ತ ಮಂಗ ಕಂಡಿತ್ತೇ ಎಂದು ವಿಚಾರಿಸಿ ಸ್ಯಾಂಪಲ್ ಕಳಿಸುವುದು ಗಡಿ ತಾಲ್ಲೂಕಿನ ವೈದ್ಯರು ಮಾಡಬಹುದಾದ ಕೆಲಸ.