ಹೆಸರಿಡೋಕೆ ತಡವಾದ ಮೀನು

ಭೀಮೇಶ್ವರಿಗೆ ವೀಕೆಂಡ್ ಟ್ರಿಪ್ ಹೋಗೋವರೆಗೂ ಮಹಶೀರ್ ಅಂದ್ರೆ ಎಲ್ಲಾ ಒಂದೇ ಅಂದ್ಕೊಂಡಿದ್ದೆ. ಅಲ್ಲ. ಕಾವೇರಿಯ ಸ್ವಂತ ಮಹಶೀರ್‌ಗೆ ಗೂನುಬೆನ್ನು, ಕಿತ್ತಳೆ ಬಾಲ. ಕಾರ್ಪ್ ಕುಟುಂಬದ ದೈತ್ಯ ಅದು. 1946ರಲ್ಲಿ ಕಬಿನಿಯಲ್ಲಿ ಸಿಕ್ಕಿದ್ದು ಸುಮಾರು 54 ಕಿಲೋ ಇತ್ತು. ಆದರೂ ವಿಜ್ಞಾನದಲ್ಲಿ ಅದಕ್ಕೊಂದು ಖಚಿತ ಹೆಸರಿರಲಿಲ್ಲ.

1970ರ ದಶಕದ ಕೊನೆಯಿಂದ, ಸಂರಕ್ಷಣೆ ಅಂತಲೇ, ಲೋನಾವಳದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಬಂದವು ಹೆಚ್ಚಿದವು, ಇದ್ದವು ಕರಗಿದವು. ಲೆಕ್ಕದಲ್ಲಿ ಮಾತ್ರ ಎರಡೂ ಮಹಶೀರೇ!

2018ರಲ್ಲಿ ಡಿಎನ್‌ಎ, ದೇಹರಚನೆ ಎರಡನ್ನೂ ಹೋಲಿಸಿದಾಗ ಗೊತ್ತಾಯ್ತು: 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಇಟ್ಟಿದ್ದ 'ಟಾರ್ ರೆಮಾದೇವಿ' ಅನ್ನೋ ಹೆಸರೇ ನಮ್ಮ ಗೂನುಬೆನ್ನಿಗೂ ಸಲ್ಲುತ್ತೆ. ಪಾಂಬಾರ್ ನೀರೂ ಕಾವೇರಿಗೇ ತಾನೇ ಸೇರೋದು!

ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು.