ಪಾಕೀಜಾ ನೋಡಿದವರು, ನೋಡದವರು

ಹಿಂದಿನ ನಿಜಾಮ ಸಂಸ್ಥಾನದ ಕನ್ನಡ ಊರುಗಳಲ್ಲಿ ಜನ ಮನರಂಜನೆಗೆ ಏನು ಮಾಡುತ್ತಿದ್ದರು ಎಂಬುದು ನನ್ನ ಪಿಎಚ್.ಡಿ. ಸಂಶೋಧನೆಯ ವಿಷಯ. ಅದರ ಒಂದು ಅಧ್ಯಾಯ ಸಿನಿಮಾಕ್ಕೆ ಮೀಸಲು. ಮೂರು ವರ್ಷದಿಂದ ಬೀದರ, ಭಾಲ್ಕಿ, ಔರಾದಗಳಲ್ಲಿ ಹಿರಿಯರನ್ನು ಕಂಡು ಮಾತಾಡಿಸುತ್ತಿದ್ದೇನೆ. ಎಲ್ಲರಿಗೂ ಕೇಳುವ ಪ್ರಶ್ನೆಗಳಲ್ಲಿ ಒಂದು: ನೀವು ಮರೆಯದ ಪಿಚ್ಚರ್ ಯಾವುದು? ಗಂಡಸರು ನಾಲ್ಕಾರು ಹೆಸರು ಹೇಳುತ್ತಾರೆ. ಹೆಂಗಸರ ಬಾಯಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತದೆ: ‘ಪಾಕೀಜಾ’. ಯಾಕೆ ಎಂದು ಕೇಳಿದರೆ ಬಹುಪಾಲು ಒಂದೇ ಉತ್ತರ: “ಬಟ್ಟಿ ಭಾಳ ಛಂದ ಇದ್ವು.”

ಮೊದಮೊದಲು ಈ ಉತ್ತರದಿಂದ ನನಗೆ ನಿರಾಸೆಯಾಗುತ್ತಿತ್ತು. ಒಬ್ಬ ತವಾಯಿಫಳ ಕಥೆ ನೋಡಿ ಬಂದವರಿಗೆ ಬಟ್ಟೆಯಷ್ಟೇ ನೆನಪಿದೆಯೇ? ನೋಟ್‌ಬುಕ್ಕಿನಲ್ಲಿ ‘ವೇಷಭೂಷಣ’ ಎಂದು ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಹಾಗೆ ಮುಂದೆ ಹೋದದ್ದು ತಪ್ಪು ಎಂದು ನನಗೆ ತಿಳಿದದ್ದು ತಡವಾಗಿ, ಅದೂ ನನ್ನ ಸ್ವಂತ ಆಯಿಯಿಂದ.

ಚಿತ್ರ ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ನರ್ಗಿಸ್ ಎಂಬ ತವಾಯಿಫಳನ್ನು ದೊಡ್ಡ ಮನೆತನದ ಶಹಾಬುದ್ದೀನ್ ಮದುವೆಯಾಗಿ ಮನೆಗೆ ಕರೆತರುತ್ತಾನೆ. ಮನೆಯವರು ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳು ಸ್ಮಶಾನದಲ್ಲಿ ಹೆಣ್ಣುಮಗುವನ್ನು ಹೆತ್ತು ಸಾಯುತ್ತಾಳೆ. ಆ ಮಗು ಸಾಹಿಬ್‌ಜಾನ್ ಕೋಠೆಯಲ್ಲೇ ಬೆಳೆದು ಹೆಸರಾಂತ ನರ್ತಕಿಯಾಗುತ್ತಾಳೆ. ರೈಲಿನಲ್ಲಿ ಮಲಗಿದ್ದಾಗ ಅಪರಿಚಿತನೊಬ್ಬ ಅವಳ ಪಾದಗಳನ್ನು ಹೊಗಳಿ ಒಂದು ಚೀಟಿ ಬರೆದಿಟ್ಟು ಹೋಗುತ್ತಾನೆ. ಅಲ್ಲಿಂದ ಮುಂದೆ ರೈಲಿನ ಸಿಳ್ಳು ಕೇಳಿದಾಗಲೆಲ್ಲ ಅವಳ ಮನಸ್ಸು ಕೋಠೆಯ ಹೊರಗೆ ಓಡುತ್ತದೆ. ಆ ಅಪರಿಚಿತ ಸಲೀಂ ಮುಂದೆ ಅವಳಿಗೆ ‘ಪಾಕೀಜಾ’, ಅಂದರೆ ಪರಿಶುದ್ಧಳು, ಎಂದು ಹೆಸರಿಟ್ಟು ನಿಕಾಹ್‌ಗೆ ನಿಲ್ಲಿಸುತ್ತಾನೆ. ಅವಳು ಒಲ್ಲೆನೆಂದು ಓಡಿಹೋಗುತ್ತಾಳೆ. ಕೊನೆಗೆ ಅವಳು ಶಹಾಬುದ್ದೀನನ ಮಗಳೆಂಬುದು ಹೊರಬಿದ್ದು, ಮದುವೆಯ ಮೆರವಣಿಗೆ ಕೋಠೆಯ ಬಾಗಿಲಿಗೇ ಬರುತ್ತದೆ.

ಚಿತ್ರ ತಯಾರಾದ ಕಥೆಯೂ ಇಷ್ಟೇ ಉದ್ದ. ಕಮಾಲ್ ಅಮ್ರೋಹಿ ಇದನ್ನು 1950ರ ದಶಕದಲ್ಲೇ ಶುರು ಮಾಡಿದ್ದರು. ಮೊದಲು ಕಪ್ಪು ಬಿಳುಪಿನಲ್ಲಿ ತೆಗೆದದ್ದನ್ನು ಬದಿಗಿಟ್ಟು ಬಣ್ಣದಲ್ಲಿ, ಸಿನೆಮಾಸ್ಕೋಪ್‌ನಲ್ಲಿ ಮತ್ತೆ ತೆಗೆದರು. 1964ರಲ್ಲಿ ಅವರೂ ಅವರ ಪತ್ನಿ, ನಾಯಕಿ ಮೀನಾ ಕುಮಾರಿಯೂ ಬೇರೆಯಾದರು. ಕೆಲಸ ನಿಂತಿತು. 1969ರಲ್ಲಿ ಮತ್ತೆ ಶುರುವಾಗುವ ಹೊತ್ತಿಗೆ ಜರ್ಮನಿಯಿಂದ ಬಂದು ಇಲ್ಲೇ ನೆಲೆಸಿದ್ದ ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ತೀರಿಕೊಂಡಿದ್ದರು, ಸಂಗೀತ ನಿರ್ದೇಶಕ ಗುಲಾಂ ಮೊಹಮ್ಮದರೂ ಇರಲಿಲ್ಲ. ಚಿತ್ರ 1972ರ ಫೆಬ್ರುವರಿ 4ರಂದು ಮುಂಬಯಿಯ ಮರಾಠಾ ಮಂದಿರದಲ್ಲಿ ತೆರೆಕಂಡಿತು. ಮೊದಲ ವಿಮರ್ಶೆಗಳಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 31ರಂದು, ಮೀನಾ ಕುಮಾರಿ ತೀರಿಕೊಂಡರು. ಆಮೇಲೆ ಜನ ಕಿಕ್ಕಿರಿದು ಬಂದರು. ಪರದೆಯ ಮೇಲಿನ ಹೆಣ್ಣು ಮತ್ತು ಸತ್ತ ನಟಿ ಒಬ್ಬಳೇ ಆಗಿಬಿಟ್ಟಳು.

ಬೀದರಿನ ಹಳೇ ಊರಲ್ಲಿ, ಮಹಮೂದ್ ಗವಾನನ ಮದರಸಾಕ್ಕೆ ಹತ್ತಿರದ ಓಣಿಯಲ್ಲಿ, ಎಂಬತ್ತೈದು ದಾಟಿದ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಮನೆಮಾತು ಕನ್ನಡ, ಅಕ್ಷರ ಕಲಿತದ್ದು ಉರ್ದುವಿನಲ್ಲಿ. 1956ರ ನವೆಂಬರ್ 1ರವರೆಗೂ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು. ಕಚೇರಿ, ಶಾಲೆಗಳಲ್ಲಿ ಉರ್ದು, ಮುಂದೆ ಓದಬೇಕಾದರೆ 1918ರಿಂದಲೂ ಉರ್ದುವಿನಲ್ಲೇ ಪಾಠ ಹೇಳುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯ. ಹಾಗಾಗಿ ಪಾಕೀಜಾದ ಮಾತು ಇಲ್ಲಿನವರಿಗೆ ಹೊರಗಿನ ಭಾಷೆಯಾಗಿರಲಿಲ್ಲ. ಮೇಷ್ಟ್ರಿಗೆ ಅದರ ಸಂಭಾಷಣೆ ಈಗಲೂ ಬಾಯಿಪಾಠ.

“ಅದು ತವಾಯಿಫಳ ಕಥಿ ಅಲ್ಲಮ್ಮ, ಅದು ತಹಜೀಬಿನ ಕಥಿ” ಎಂದರು ಅವರು. ಮಾತಾಡುವ ರೀತಿ, ಕೂಡುವ ರೀತಿ, ಎಲೆಯಡಿಕೆ ಕೊಡುವ ರೀತಿ, ಎಲ್ಲವೂ ಹೋಗಿಬಿಟ್ಟ ಮೇಲೆ ಬಂದ ಪಿಚ್ಚರ್ ಅದು ಎಂದರು. ಸೆಟ್ಟಿನ ಕಂಬ, ಕಾರಂಜಿಗಳನ್ನು ನೋಡಿ ಅವರಿಗೆ ನಮ್ಮ ಕೋಟೆಯ ರಂಗೀನ್ ಮಹಲ್, ಅದರ ಕರಿಗಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ಕೆಲಸ ನೆನಪಾಗಿತ್ತಂತೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಅವರು ಸಣ್ಣ ಹುಡುಗ. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ಒಂದು ರಾಜ್ಯ ಮುಗಿದುಹೋದದ್ದರ ದುಃಖವನ್ನು ಎಲ್ಲೂ ಹೇಳಿಕೊಳ್ಳಲಾಗದವರು ಒಂದು ಪಿಚ್ಚರ್ ನೋಡಿ ಅದನ್ನು ನೆನೆದಿದ್ದಾರೆ. ಇದು ನನಗೆ ಅರ್ಥವಾಗುತ್ತದೆ.

ಆದರೆ ಅವರ ಒಂದು ಗಂಟೆಯ ಮಾತಿನಲ್ಲಿ ಸಾಹಿಬ್‌ಜಾನ್ ಎಲ್ಲೂ ಬರಲಿಲ್ಲ. ಆ ತಹಜೀಬನ್ನು ಹೊತ್ತವರಲ್ಲಿ ಅಂಥ ಹೆಂಗಸರೂ ಇದ್ದರು. ಹೈದರಾಬಾದಿನ ಮಹಲಖಾ ಬಾಯಿ ಚಂದಾ ನಿಜಾಮರ ದರಬಾರಿನ ಗಾಯಕಿ, ಕವಿ. ಉರ್ದುವಿನಲ್ಲಿ ಸ್ವಂತ ದೀವಾನ್ ಸಿದ್ಧಪಡಿಸಿದ ಮೊದಲ ಹೆಂಗಸರಲ್ಲಿ ಒಬ್ಬಳು. 1824ರಲ್ಲಿ ತೀರಿಕೊಂಡ ಅವಳ ಗೋರಿ ಮೌಲಾ ಅಲಿ ಗುಡ್ಡದ ಬುಡದಲ್ಲಿದೆ. ಮೇಷ್ಟ್ರಿಗೆ ಅವಳ ಹೆಸರು ಗೊತ್ತಿತ್ತು. “ಶಾಯರಿ ಒಳ್ಳೇದದ, ಆದ್ರ ಅಂಥವ್ರ ಮಾತು ಮನ್ಯಾಗ ಆಡಬಾರ್ದು” ಎಂದರು.

ಭಾಲ್ಕಿಯಲ್ಲಿ ನನಗೆ ಸಿಕ್ಕವರು ಹಳೆಯ ಪ್ರೊಜೆಕ್ಟರ್ ಆಪರೇಟರ್. ವಯಸ್ಸಿನಲ್ಲಿದ್ದಾಗ ಟೂರಿಂಗ್ ಟಾಕೀಜಿನ ಜೊತೆ ಊರೂರು ತಿರುಗಿದವರು. ಸ್ಕೋಪ್ ಪಿಚ್ಚರ್ ಹಾಕಲು ಬೇರೆ ಲೆನ್ಸ್ ಬೇಕು, ಅದಿಲ್ಲದಿದ್ದರೆ ಹೀರೋಯಿನ್ ಜೋಳದ ದಂಟಿನಂತೆ ಉದ್ದಕ್ಕೆ ಕಾಣುತ್ತಾಳೆ ಎಂದು ವಿವರಿಸಿದರು. ಬೀದರದಿಂದ ಭಾಲ್ಕಿ, ಕಮಲನಗರ ದಾಟಿ ಪರಳಿ ಕಡೆ ಹೋಗುವ ರೈಲು ಮಾರ್ಗದ ಊರು ಇದು. ಪರದೆಯ ಮೇಲೆ ರೈಲು ಸಿಳ್ಳು ಹಾಕಿದಾಗ ಮಂದಿ ಇದು ಒಳಗಿನದೋ ಹೊರಗಿನದೋ ಎಂದು ನಗುತ್ತಿದ್ದರಂತೆ.

ದಿನಕ್ಕೆರಡು ಆಟ ಹಾಕುವವನು ಪಿಚ್ಚರನ್ನು ನೋಡುವುದಿಲ್ಲ, ಮಂದಿಯನ್ನು ನೋಡುತ್ತಾನೆ. ಅವರು ನೋಡಿದ್ದು ಹೀಗೆ: “ಅಕಿ ಕುಣೀಲಾಕ ನಿಂತ್ರ ಮಂದಿ ಪರದೆಕ್ಕ ಚಿಲ್ಲರ ಒಗೀತಿದ್ರು ಮೇಡಂ. ಆಟ ಮುಗದ ಮ್ಯಾಲ ಹುಡುಗ್ರು ಬಂದು ಆರಿಸ್ಕೊಂಡು ಹೋಗ್ತಿದ್ವು. ಕಡೀಕ ಅಕಿ ಗಾಜಿನ ಮ್ಯಾಲ ಕುಣೀತಾಳಲ್ಲ, ಅಲ್ಲಿ ಯಾರೂ ಒಗೀತಿರಲಿಲ್ಲ. ಅಲ್ಲಿ ಅಳ್ತಿದ್ರು.”

ಕೋಠೆಯಲ್ಲಿ ನವಾಬರು ಹಣ ಎಸೆಯುತ್ತಾರೆ, ಟೆಂಟಿನಲ್ಲಿ ನಮ್ಮೂರ ರೈತರು ಎಸೆಯುತ್ತಾರೆ. ನೋಡುವವರು ಕಥೆಯೊಳಗಿನ ಗಿರಾಕಿಗಳಾಗಿಬಿಡುವುದು ನಮ್ಮ ಕಡೆಯ ವಿಶೇಷವೇನಲ್ಲ. ಪಾಕೀಜಾಕ್ಕಿಂತ ಹದಿನಾರು ವರ್ಷ ಮೊದಲು, 1955ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ ಮ್ಯಾಕ್ಸ್ ಒಫುಲ್ಸ್‌ನ ‘ಲೋಲಾ ಮಾಂಟೆಸ್’ ತೆರೆಕಂಡಿತು. ಅದೂ ಸಿನೆಮಾಸ್ಕೋಪ್, ಅದೂ ಕಣ್ಣು ಕುಕ್ಕುವ ಬಣ್ಣ, ಅದರ ನಾಯಕಿಯೂ ಊರೆಲ್ಲ ಆಡಿಕೊಂಡ ಹೆಣ್ಣು: ಬವೇರಿಯಾದ ದೊರೆ ಮೊದಲನೆಯ ಲುಡ್ವಿಗ್‌ನ ಪ್ರೇಯಸಿಯಾಗಿದ್ದ ನರ್ತಕಿ. ಚಿತ್ರದಲ್ಲಿ ಅವಳು ಸರ್ಕಸ್ಸಿನಲ್ಲಿದ್ದಾಳೆ. ಹಣ ಕೊಟ್ಟವರು ಅವಳ ಬದುಕಿನ ಬಗ್ಗೆ ಏನು ಬೇಕಾದರೂ ಕೇಳಬಹುದು. ಕೊನೆಗೆ ಗಂಡಸರು ಒಂದೊಂದು ಡಾಲರ್ ಕೊಟ್ಟು ಅವಳ ಕೈಗೆ ಮುತ್ತಿಡಲು ಸಾಲುಗಟ್ಟುತ್ತಾರೆ. ರಸವತ್ತಾದ ಕಥೆ ನಿರೀಕ್ಷಿಸಿ ಬಂದಿದ್ದ ಪ್ಯಾರಿಸ್ಸಿನ ಪ್ರೇಕ್ಷಕರು ರೇಗಿ ಗಲಾಟೆ ಮಾಡಿದರು. ನಿರ್ಮಾಪಕರು ಚಿತ್ರವನ್ನು ಕತ್ತರಿಸಿ ಬೇರೆ ಬೇರೆ ರೂಪದಲ್ಲಿ ಹಂಚಿದರು. ಒಫುಲ್ಸ್ ಸರ್ಕಸ್ಸಿನ ಗಿರಾಕಿಯ ಜಾಗದಲ್ಲಿ ಪ್ರೇಕ್ಷಕನನ್ನೇ ಕೂಡಿಸಿದ್ದ. ಅಮ್ರೋಹಿ ನಮ್ಮನ್ನು ಅಷ್ಟು ನೇರವಾಗಿ ಕೆಣಕಲಿಲ್ಲ. ಆರಾಮಾಗಿ ನಾಣ್ಯ ಎಸೆಯಲು ಬಿಟ್ಟರು, ಕೊನೆಗೆ ಅಳಲೂ ಬಿಟ್ಟರು.

ಆಪರೇಟರ್ ಕಾಕಾನ ಸ್ವಂತ ಅಭಿಪ್ರಾಯ ಚಿಕ್ಕದು: “ಹುಡುಗಿ ಒಳ್ಳೇಕಿನೇ, ಹಣೆಬರಹ ಕೆಟ್ಟಿತ್ತು.” ಗಂಡಸರಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ಚಿತ್ರವೇ ಅವರಿಗೆ ಈ ದಾರಿ ಮಾಡಿಕೊಟ್ಟಿದೆ. ಅವಳ ಹೆಸರು ಪರಿಶುದ್ಧಳು, ಅಪ್ಪ ಖಾನದಾನಿ ಮನುಷ್ಯ. ಹೀಗೆ ಒಳಗಿಂದ ‘ನಮ್ಮವಳೇ’ ಆದವಳನ್ನು ಒಪ್ಪಿಕೊಳ್ಳಲು ಯಾರಿಗೆ ಕಷ್ಟ? ಹಾಗಲ್ಲದವರ ಬಗ್ಗೆ ಚಿತ್ರ ಏನೂ ಕೇಳುವುದಿಲ್ಲ.

ಕನ್ನಡದಲ್ಲಿ ಇದೇ ಪ್ರಶ್ನೆಯನ್ನು ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ ಮೊದಲೇ ಎತ್ತಿಕೊಂಡಿತ್ತು. ಎಂ.ಕೆ. ಇಂದಿರಾ ಅವರ ಕಾದಂಬರಿ, 1969ರ ಕಪ್ಪು ಬಿಳುಪು ಚಿತ್ರ. ಕಲ್ಪನಾ ಮಾಡಿದ ಚಂದ್ರಾಳಿಗೂ ಬೇಕಾದದ್ದು ಸಾಹಿಬ್‌ಜಾನ್‌ಗೆ ಬೇಕಾದದ್ದೇ: ತಾಯಿಯ ಕಸುಬು ಬಿಟ್ಟು ಒಂದು ಮನೆ, ಒಂದು ಮದುವೆ. ಅಲ್ಲಿ ಕಾರಂಜಿ ಇಲ್ಲ, ಝೂಮರ್ ಇಲ್ಲ. ಕೊನೆಗೆ ಪಲ್ಲಕ್ಕಿಯೂ ಬರುವುದಿಲ್ಲ, ಚಂದ್ರಾ ಸಾಯುತ್ತಾಳೆ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂದದ್ದು ಅದಾದ ಹದಿಮೂರು ವರ್ಷಕ್ಕೆ, 1982ರಲ್ಲಿ. ಕಳೆದ ದೀಪಾವಳಿಗೆ ಔರಾದಕ್ಕೆ ಹೋದಾಗ ಆಯಿಗೆ ನನ್ನ ಮೊಬೈಲಿನಲ್ಲಿ ‘ಗೆಜ್ಜೆಪೂಜೆ’ ತೋರಿಸಿದೆ. ಪೂರ್ತಿ ನೋಡಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾಕೀಜಾದ ಮಾತು ತೆಗೆದಳು.

ಆಯಿ ಪಾಕೀಜಾ ನೋಡಿದ್ದು ಮದುವೆಯಾಗಿ ಬಂದ ಹೊಸದರಲ್ಲಿ, ಔರಾದಕ್ಕೆ ಟೆಂಟ್ ಬಂದಾಗ. ಅತ್ತೆ ಮೊದಲು ಬೇಡವೆಂದಿದ್ದಳಂತೆ. ಹೆಸರಿನ ಅರ್ಥ ‘ಶುದ್ಧ’ ಎಂದು ಯಾರೋ ಹೇಳಿದ ಮೇಲೆ ಹೋಗಗೊಟ್ಟಳು. ಹೆಂಗಸರನ್ನು ಒಂದು ಪಕ್ಕಕ್ಕೆ ಕೂಡಿಸಿದ್ದರು, ಅಲ್ಲಿಂದ ಪರದೆಯ ಅಂಚೇ ಕಣ್ಣಿಗೆ ಹತ್ತಿರ. ಸಾಹಿಬ್‌ಜಾನ್ ಮೊದಲ ಸಲ ಕುಣಿಯುವಾಗ ಅವಳ ಹಿಂದೆ ಇಡೀ ಬಜಾರು ಕಾಣುತ್ತದೆ. ದೂರದ ಮಾಳಿಗೆಗಳಲ್ಲಿ, ದೀಪದ ಬೆಳಕಿನಲ್ಲಿ, ಬೇರೆ ಹುಡುಗಿಯರೂ ಕುಣಿಯುತ್ತಿರುತ್ತಾರೆ. ನಾನು ಈ ಚಿತ್ರವನ್ನು ಆರು ಸಲ ನೋಡಿದ್ದೇನೆ, ಅವರನ್ನು ಸೆಟ್ಟಿನ ಭಾಗವೆಂದೇ ತಿಳಿದಿದ್ದೆ.

“ನಾ ಅವರ್ನೇ ನೋಡ್ಲಾಕತ್ತಿದ್ದೆ” ಎಂದಳು ಆಯಿ. “ಕಡೀಕ ಅಕಿ ಒಬ್ಬಾಕಿ ಮೆರವಣಿಗ್ಯಾಗ ಹೋದಳು. ಹಿಂದಿನ ಪೋರಿಗೋಳ್ದು ಏನಾತು ಅಂತ ಯಾರೂ ಹೇಳಲಿಲ್ಲ.”

ಹಿಂದಿನವರಷ್ಟೇ ಅಲ್ಲ, ಮುಂದೆ ನಿಂತವಳೂ ಎಲ್ಲ ಕಡೆ ಒಬ್ಬಳೇ ಅಲ್ಲ ಎಂದು ನಾನು ಹೇಳಿದೆ. ಮೀನಾ ಕುಮಾರಿಯ ಆರೋಗ್ಯ ಕೆಟ್ಟಿದ್ದರಿಂದ ಕುಣಿತದ ಕೆಲವು ಭಾಗಗಳಲ್ಲಿ ಪದ್ಮಾ ಖನ್ನಾ ಎಂಬ ನಟಿ ಮುಖ ಮರೆಸಿಕೊಂಡು ಕುಣಿದಿದ್ದಾರೆ. ಆಯಿ ತಲೆಯಾಡಿಸಿದಳು, ಆದರೆ ಅವಳ ಮನಸ್ಸು ಬೇರೆಲ್ಲೋ ಇತ್ತು.

ಆಗ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸು ಇದ್ದಳಂತೆ. ಮದುವೆ, ಜಾತ್ರೆಗಳಲ್ಲಿ ಹಾಡುತ್ತಿದ್ದಳು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ‘ಹಾಡಾಕಿ’ ಅನ್ನುತ್ತಿದ್ದರು. ಅವಳ ಹಾಡು ಕೇಳಲು ಹೋಗುತ್ತಿದ್ದ ಮನೆಗಳವರೇ ಅವಳ ಮನೆಯಲ್ಲಿ ನೀರು ಕುಡಿಯಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಊರಿನ ಹೆಂಗಸರೆಲ್ಲ ಟೆಂಟಿಗೆ ಹೋದ ರಾತ್ರಿ ಅವಳು ಹೋಗಲಿಲ್ಲ. ಹೋದರೆ ಮಂದಿ ಪರದೆ ಬಿಟ್ಟು ತನ್ನನ್ನು ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಮರುದಿನ ಆಯಿ ಜೋಳದ ಡಬ್ಬಿ ಹಿಡಿದು ಹಿಟ್ಟಿನ ಗಿರಣಿ ಮುಂದೆ ನಿಂತಿದ್ದಾಗ ಅವಳೂ ಬಂದಳು. ಗಿರಣಿಯ ಸದ್ದಿನಲ್ಲಿ, ಬೇರೆಯವರಿಗೆ ಕೇಳದಂತೆ, “ಪಿಚ್ಚರ್ ಹ್ಯಾಂಗಿತ್ತವ್ವ?” ಎಂದು ಕೇಳಿದಳು.

“ನೀ ಏನಂದಿ?” ಎಂದೆ.

“ಬಟ್ಟಿ ಭಾಳ ಛಂದ ಇದ್ವು ಅಂದೆ.”

ಆಯಿ ಮತ್ತೆ ಹೇಳಿದ್ದಿಷ್ಟು: “ಹೊಸ ಸೊಸಿ ನಾ. ಸುತ್ತ ಮಂದಿ. ಅಕಿ ಜೋಡಿ ಮಾತಾಡಿದ್ದೇ ದೊಡ್ಡದು. ಅಕಿ ಬ್ಯಾರೇನೋ ಕೇಳ್ಲಾಕತ್ತಿದ್ಳು, ನನಗ ತಿಳಿದಿತ್ತು. ಕಡೀಕ ಅಕಿದು ಮದುವಿ ಆಯ್ತು ಅಂತ ಹೇಳಬಹುದಿತ್ತು. ಹೇಳಲಿಲ್ಲ.” ಆ ಹೆಂಗಸು ಕೆಲವು ವರ್ಷಗಳ ಮೇಲೆ ಊರು ಬಿಟ್ಟಳು. ಆಯಿಗೆ ಈಗ ಎಪ್ಪತ್ತೆರಡು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಹೊರಗೊಂದು ಹೇಳಿ ಒಳಗೊಂದು ಉಳಿಸಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ ಎಂದು ಬೇರೆ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ. ಆದರೂ ಹೆಂಗಸರು ಬಟ್ಟೆಯ ಮಾತಾಡಿದಾಗ ಅದೂ ಅಂಥದೇ ಒಂದು ಫಲಕ ಇರಬಹುದೆಂದು ಹೊಳೆಯಲಿಲ್ಲ. ಇಂಥ ಚಿತ್ರಗಳ ವೈಭವದ ಬಗ್ಗೆ ಬರೆಯುವವರು ಅದನ್ನು ಕಣ್ಣಿನ ಸುಖ ಎನ್ನುತ್ತಾರೆ. ನಮ್ಮೂರುಗಳಲ್ಲಿ ಅದು ಒಂದು ನೆವವೂ ಆಗಿತ್ತು. ಮಾತಾಡಿಸಬಾರದ ಹೆಂಗಸನ್ನು ಮೂರು ತಾಸು ಕಣ್ತುಂಬ ನೋಡಲು ನೆವ, ನೋಡಿದ ಮೇಲೆ ಅವಳ ಬಗ್ಗೆ ಮಾತಾಡದಿರಲೂ ನೆವ.

ನೋಟ್‌ಬುಕ್ಕಿನಲ್ಲಿ ‘ವೇಷಭೂಷಣ’ ಎಂದು ಗುರುತು ಹಾಕಿದ ಹೆಂಗಸರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಉಳಿದವರ ಮನೆಗೆ ಮತ್ತೆ ಹೋಗಲು ಶುರು ಮಾಡಿದ್ದೇನೆ. ಈಗ ಬಟ್ಟೆಯ ಮಾತು ಬಂದಾಗ ಮುಂದಿನ ಪ್ರಶ್ನೆಗೆ ಹೋಗುವುದಿಲ್ಲ. ಯಾವ ಬಟ್ಟೆ, ಯಾರು ಉಟ್ಟಿದ್ದು, ಆಗ ನಿಮ್ಮ ಪಕ್ಕ ಯಾರು ಕೂತಿದ್ದರು, ಯಾರು ಬಂದಿರಲಿಲ್ಲ ಎಂದು ಕೇಳುತ್ತೇನೆ.