ಅಡುಗೆಮನೆಯೋ ವಂಶವೋ: ಹಂದಿಗೋಡಿನ ಕಾಯಿಲೆ ಮತ್ತು ಹೈದರಾಬಾದು

ಲಿಂಗಂಪಲ್ಲಿಯ ನಮ್ಮ ವಸತಿ ಸಮುಚ್ಚಯದಲ್ಲಿ ರಾಯಚೂರಿನಿಂದ ಬಂದು ನೆಲಸಿದ ಆರ್ಯವೈಶ್ಯ ಕುಟುಂಬವೊಂದಿದೆ. ಹೋದ ವರ್ಷ ಅವರ ಮಗಳಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಿತು. ಅರಿವಳಿಕೆಯ ವೈದ್ಯರು ವಯಸ್ಸು, ತೂಕ, ಒಗ್ಗದ ಔಷಧಗಳನ್ನೆಲ್ಲ ಕೇಳಿ ಬರೆದುಕೊಂಡ ಮೇಲೆ, "ನೀವು ಆರ್ಯವೈಶ್ಯರೇ?" ಎಂದು ಕೇಳಿದರಂತೆ. ತಂದೆಗೆ ಸಿಟ್ಟು ಬಂದಿತು. "ಆಪರೇಷನ್ ಮಾಡ್ಲಿಕ್ಕೂ ಜಾತಿ ಬೇಕೇನ್ರೀ ಇವರಿಗೆ?" ಎಂದು ಅವರು ನನ್ನೆದುರು ಹೇಳಿಕೊಂಡಾಗ, ಆ ಪ್ರಶ್ನೆ ಅವಮಾನಕ್ಕಾಗಿ ಕೇಳಿದ್ದಲ್ಲ ಎಂದು ವಿವರಿಸಲು ನನಗೆ ಅರ್ಧ ಗಂಟೆಯೇ ಹಿಡಿಯಿತು. ವಿವರಿಸುತ್ತಿದ್ದಂತೆ ಮನಸ್ಸು ಮಾತ್ರ ಮಲೆನಾಡಿನ ಇನ್ನೊಂದು ಕಾಯಿಲೆಯ ಕಡೆಗೆ ಹರಿಯಿತು. ಅದರ ಮೂಲವನ್ನೂ ಇದೇ ಹೈದರಾಬಾದಿನ ವಿಜ್ಞಾನಿಗಳು ಹುಡುಕಿದ್ದರು. ಅಲ್ಲಿಯೂ ಜಾತಿಯ ಗೆರೆ ಎದ್ದು ಕಾಣುತ್ತಿತ್ತು. ಆದರೆ ಆ ಗೆರೆ ರೋಗಿಗಳನ್ನು ಯಾವ ಚಿಕಿತ್ಸೆಗೂ ಮುಟ್ಟಿಸಲಿಲ್ಲ.

ಸಾಗರ ಎಂದೊಡನೆ ಸಾಹಿತ್ಯಾಸಕ್ತರಾದ ನಮಗೆ ಹೆಗ್ಗೋಡು, ನೀನಾಸಂ ನೆನಪಾಗುತ್ತವೆ. ಅದೇ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. 1975ರ ಸುಮಾರಿಗೆ ಅಲ್ಲಿನ ಕೂಲಿಕಾರರ ಕೇರಿಗಳಲ್ಲಿ ಒಂದು ವಿಚಿತ್ರ ಕೀಲುಬೇನೆ ಹೊರಜಗತ್ತಿನ ಗಮನಕ್ಕೆ ಬಂದಿತು. ಸೊಂಟದ ಕೀಲಿನಲ್ಲಿ, ಅನಂತರ ಮೊಣಕಾಲಿನಲ್ಲಿ ನೋವು ತೊಡಗುತ್ತಿತ್ತು, ನಡಿಗೆ ವಾಲುತ್ತಿತ್ತು, ಕುಕ್ಕರುಗಾಲಿನಲ್ಲಿ ಕೂರುವುದು ಅಸಾಧ್ಯವಾಗುತ್ತಿತ್ತು. ನಾಟಿ, ಕಳೆ, ಕೊಯಿಲುಗಳಲ್ಲಿ ದಿನವಿಡೀ ಬಾಗಿರಬೇಕಾದವರಿಗೆ ಇದೆಂದರೆ ಅನ್ನವೇ ತಪ್ಪಿದಂತೆ. ತೀವ್ರವಾಗಿ ಬಾಧಿತರಾದವರು ಕೈಯೂರಿ ತೆವಳುತ್ತಿದ್ದರು. ಕೆಲವರ ಬೆನ್ನುಮೂಳೆಗಳು ಚಪ್ಪಟೆಯಾಗಿ ಮುಂಡವೇ ಗಿಡ್ಡವಾಗಿತ್ತು. ಇನ್ನು ಕೆಲವರು ಎಳವೆಯಿಂದಲೇ ಕುಬ್ಜರಾಗಿ ಉಳಿದಿದ್ದರು. ಬಾಧಿತರು ಹೆಚ್ಚೂಕಡಿಮೆ ಎಲ್ಲರೂ ಛಲವಾದಿ ಮತ್ತು ಚನ್ನಂಗಿ ಎಂಬ ಎರಡು ದಲಿತ ಸಮುದಾಯಗಳವರು.

ಶೋಧಕ್ಕೆ ಬಂದವರು ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯವರು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ವಿಚಾರಣೆಗೆಂದು ಹುಟ್ಟಿ 1958ರಲ್ಲಿ ಈ ನಗರಕ್ಕೆ ಬಂದ ಸಂಸ್ಥೆ ಅದು. ಮಲೆನಾಡಿನ ಅಧ್ಯಯನ ನಡೆಸಿದ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಆರ್.ವಿ. ಭಟ್ ಅವರ ಅದುವರೆಗಿನ ಅನುಭವವನ್ನು ಇಲ್ಲಿ ಗಮನಿಸಬೇಕು. 1973ರಲ್ಲಿ ಕೃಷ್ಣಮಾಚಾರಿ ಅವರು ಕಮಲಾ ಕೃಷ್ಣಸ್ವಾಮಿ ಅವರೊಡನೆ, ಫ್ಲೋರೈಡ್ ಹೆಚ್ಚಿರುವ ನೀರು ಕುಡಿಯುವ ಪ್ರದೇಶಗಳಲ್ಲಿ ಎಳೆಯರ ಮೊಣಕಾಲುಗಳು ಒಳಬಾಗಿ ಒಂದಕ್ಕೊಂದು ತಾಗುವ ಅಂಗವಿಕಲತೆಯನ್ನು ವರದಿ ಮಾಡಿದ್ದರು. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಕಡೆಯ ಬುಡಕಟ್ಟು ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತಾಗ, ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿನ ಅಫ್ಲಾಟಾಕ್ಸಿನ್ ವಿಷವೇ ಕಾರಣವೆಂದು ಕಂಡುಹಿಡಿದ ತಂಡದಲ್ಲಿ ಇವರಿಬ್ಬರೂ ಇದ್ದರು. ಅಂದರೆ, ಬಡವರ ಕೇರಿಯಲ್ಲಿ ಗುಂಪುಗುಂಪಾಗಿ ಕಾಣಿಸಿಕೊಂಡ ರೋಗಕ್ಕೆ ಬಾವಿಯಲ್ಲೋ ಕಣಜದಲ್ಲೋ ಕಾರಣ ಸಿಕ್ಕುತ್ತದೆಂಬುದು ಅವರಿಗೆ ಬರಿಯ ಊಹೆಯಾಗಿರಲಿಲ್ಲ. ಆಗಷ್ಟೇ ಎರಡು ಬಾರಿ ನಿಜವಾದ ಸಂಗತಿಯಾಗಿತ್ತು.

ಹಂದಿಗೋಡಿನಲ್ಲಿ ಸಂಶಯ ಬಿದ್ದದ್ದು ಗದ್ದೆಯ ಏಡಿಯ ಮೇಲೆ. ಭತ್ತದ ಗದ್ದೆಗಳಿಗೆ ಕೀಟನಾಶಕ ಸಿಂಪಡಿಸುವುದು ಆಗ ಹೊಸದಾಗಿ ಹಬ್ಬುತ್ತಿತ್ತು. ಕೂಲಿಕಾರರು ಅದೇ ಗದ್ದೆಯ ಏಡಿ, ಮೀನುಗಳನ್ನು ಹಿಡಿದು ಬೇಯಿಸಿ ತಿನ್ನುತ್ತಿದ್ದರು. ಜಮೀನಿನ ಒಡೆಯರು ಅವನ್ನು ಮುಟ್ಟುತ್ತಿರಲಿಲ್ಲ. ಅವರಿಗೆ ಕಾಯಿಲೆಯೂ ಇರಲಿಲ್ಲ. ವಾದ ಎಷ್ಟು ಅಚ್ಚುಕಟ್ಟಾಗಿ ಕೂಡುತ್ತದೆಂದರೆ, ಪರಿಸರದ ಪುಸ್ತಕಗಳಲ್ಲಿ ಇಂದಿಗೂ ಹಂದಿಗೋಡು ಕೀಟನಾಶಕದ ದುರಂತವಾಗಿಯೇ ಕಾಣಿಸಿಕೊಳ್ಳುವುದುಂಟು. ಆದರೂ ಹೈದರಾಬಾದಿನ ವಿಜ್ಞಾನಿಗಳು 1977–78ರಲ್ಲಿ ಪ್ರಕಟಿಸಿದ ತಮ್ಮ ಲೇಖನಗಳಲ್ಲಿ ರೋಗಕ್ಕಿಟ್ಟ ಹೆಸರು ಬೇರೆಯೇ ಆಗಿತ್ತು: ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ. ಇದರಲ್ಲಿನ 'ಕೌಟುಂಬಿಕ' ಎಂಬ ಪದವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಕುಟುಂಬವೆಂದರೆ ಒಂದೇ ಒಲೆ. ಕುಟುಂಬವೆಂದರೆ ಒಂದೇ ವಂಶ. ತಾಯಿಯಿಂದ ಮಗನಿಗೆ ಬಂದದ್ದು ಆಕೆಯ ಅಡುಗೆಯ ಮೂಲಕವೋ ರಕ್ತದ ಮೂಲಕವೋ ಎಂಬುದನ್ನು ಆ ಪದ ಹೇಳುವುದಿಲ್ಲ.

ಅದನ್ನು ಬೇರ್ಪಡಿಸುವುದು ಕಷ್ಟವಾಗಲು ಕಾರಣ ಜಾತಿಯೇ. ಒಡೆಯನ ಮನೆಯವರು ಕೇರಿಯ ಏಡಿಯನ್ನು ತಿನ್ನುತ್ತಿರಲಿಲ್ಲ ಎಂಬುದು ಎಷ್ಟು ನಿಜವೋ, ಅವರು ಕೇರಿಗೆ ಹೆಣ್ಣು ಕೊಟ್ಟು ತರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಉಣ್ಣುವ ಪಂಕ್ತಿಯನ್ನೂ ಮದುವೆಯ ಹಂದರವನ್ನೂ ಒಂದೇ ಗೋಡೆ ಬೇರ್ಪಡಿಸಿದ್ದಾಗ, ವಿಷದಿಂದ ಬರುವ ರೋಗವೂ ವಂಶದಿಂದ ಬರುವ ರೋಗವೂ ನಕ್ಷೆಯ ಮೇಲೆ ಒಂದೇ ಆಕಾರದ ಕಲೆ ಮೂಡಿಸುತ್ತವೆ. ನಮ್ಮ ದೇಶದ ರೋಗಶಾಸ್ತ್ರದ ಇತಿಹಾಸದಲ್ಲಿ ಈ ತೊಡಕಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಭಾವನೆ.

ಗಂಟನ್ನು ಬಿಡಿಸಿದ್ದು ಕ್ಷಕಿರಣ ಚಿತ್ರಗಳು ಮತ್ತು ವಂಶವೃಕ್ಷಗಳು. 1994ರಲ್ಲಿ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್.ಎಸ್. ಅಗರ್ವಾಲ್ ಮತ್ತು ಸಂಗಡಿಗರು ಇದು ಬೆನ್ನುಮೂಳೆ ಹಾಗೂ ಉದ್ದೆಲುಬುಗಳ ತುದಿಗಳು ಸರಿಯಾಗಿ ರೂಪುಗೊಳ್ಳದ ಹೊಸ ಬಗೆಯ ಆನುವಂಶಿಕ ರೋಗವೆಂದೂ, ಪ್ರಬಲ ಗುಣವಾಗಿ ಇಳಿದುಬರುವಂಥದೆಂದೂ ವರದಿ ಮಾಡಿದರು. ಪ್ರಬಲವೆಂದರೆ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದ ಒಂದೇ ಕೆಟ್ಟ ಪ್ರತಿ ಸಾಕು. ಬಾಧಿತರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ರೋಗಕ್ಕೆ 'ಸಂಬಂಧದೊಳಗಿನ ಮದುವೆ'ಯೇ ಕಾರಣವೆಂದು ಕೇರಿಯವರನ್ನು ದೂರುವವರು ಇದನ್ನು ತಿಳಿಯಬೇಕು. ಸೋದರಮಾವನ ಮಗಳನ್ನು ತಂದರೆ ಹೆಚ್ಚುವುದು ಎರಡೂ ಕಡೆಯ ಪ್ರತಿ ಕೆಟ್ಟಿರಬೇಕಾದ ದುರ್ಬಲ ಗುಣದ ರೋಗಗಳು. ಹಂದಿಗೋಡಿನದು ಆ ಜಾತಿಯದಲ್ಲ. ಒಳಮದುವೆಯ ಪದ್ಧತಿ ಅದನ್ನು ಕೇರಿಯೊಳಗೆ ಉಳಿಸಿತೇ ಹೊರತು ಹುಟ್ಟಿಸಲಿಲ್ಲ.

ಇಷ್ಟು ತಿಳಿದ ಮೇಲೆ ಚಿಕಿತ್ಸೆ ಸಿಗಬೇಕಿತ್ತಲ್ಲವೇ? ಇಲ್ಲ. 'ಆನುವಂಶಿಕ' ಎಂಬ ಮಾತು ಕಾರಣದ ಹೆಸರಲ್ಲ, ಕಾರಣ ಇರುವ ದಿಕ್ಕಿನ ಹೆಸರು. ವಂಶವಾಹಿ ತಾನಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದು ಪ್ರೋಟೀನನ್ನು ಕಟ್ಟುವ ಬರೆಹ ಮಾತ್ರ. ಮೃದ್ವಸ್ಥಿಯ ಜೀವಕೋಶ ಆ ಬರೆಹವನ್ನೋದಿ ಪ್ರೋಟೀನು ನೇಯುತ್ತದೆ, ಹೊರಗೆ ಕಳಿಸುತ್ತದೆ, ಅದರಿಂದ ಕೀಲಿನ ಮೆತ್ತೆ ಆಗುತ್ತದೆ. ಅಕ್ಷರ ತಪ್ಪಿದರೆ ಯಾವ ಪ್ರೋಟೀನು, ಹೇಗೆ ಕೆಡುತ್ತದೆ ಎಂಬುದು ತಿಳಿಯುವ ತನಕ ವೈದ್ಯನ ಕೈಯಲ್ಲಿ ನೋವಿನ ಗುಳಿಗೆ ಮತ್ತು ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಇವೆರಡೇ ಇರುತ್ತವೆ. 1994ರ ವರದಿ ರೋಗ ಇಳಿದುಬರುವ ರೀತಿಯನ್ನು ಹೇಳಿತು. ಯಾವ ವಂಶವಾಹಿ ಎಂಬುದನ್ನು ಹೇಳಲಿಲ್ಲ.

ಕೀಲಿನ ಮೆತ್ತೆಯ ಮುಖ್ಯ ಪ್ರೋಟೀನು ಕೊಲಾಜೆನ್. ಅದರ ರಚನೆಯನ್ನು ತೋರಿಸಿಕೊಟ್ಟವರು ನಮ್ಮವರೇ. 1954–55ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷಕಿರಣ ಚಿತ್ರಗಳನ್ನು ನೋಡಿ, ಕೊಲಾಜೆನ್ ಎಂದರೆ ಮೂರು ಎಳೆಗಳು ಹೊಸೆದುಕೊಂಡ ಹಗ್ಗ ಎಂದು ಹೇಳಿದರು. ಪ್ರತಿ ಎಳೆಯ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೋ ಆಮ್ಲವೇ ಇರಬೇಕು. ಹೊಸೆತದ ನಡುವಿನಲ್ಲಿ ಅದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಮೃದ್ವಸ್ಥಿಯ ಕೊಲಾಜೆನ್ನಿನಲ್ಲಿ ಮೂರೂ ಎಳೆಗಳು ಒಂದೇ ವಂಶವಾಹಿಯಿಂದ ಬರುತ್ತವೆ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತೆನ್ನಿ: ಎಳೆಗಳಲ್ಲಿ ಅರ್ಧ ಕೆಟ್ಟವು. ಆದರೆ ಮೂರೂ ಒಳ್ಳೆಯ ಎಳೆಗಳೇ ಕೂಡಿದ ಹಗ್ಗ ಎಂಟರಲ್ಲಿ ಒಂದು ಮಾತ್ರ. ಉಳಿದ ಏಳರಲ್ಲಿ ಒಂದಾದರೂ ಕೆಟ್ಟ ಎಳೆ ಸೇರಿರುತ್ತದೆ. ಒಳ್ಳೆಯ ಪ್ರತಿಯೊಂದು ಇದ್ದೂ ಮನುಷ್ಯನಿಗೆ ರೋಗ ಏಕೆ ಬರುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಲೆಕ್ಕ ನನಗೆ ಗೊತ್ತಿಲ್ಲ. ಇದೇ ವರ್ಗದ ಇನ್ನೊಂದು ರೋಗದಲ್ಲಿ ಬೇರೊಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು ಜೀವಕೋಶದೊಳಗೇ ಸಿಕ್ಕಿಬೀಳುತ್ತದೆ. ಹೊರಹಾಕಲಾಗದ ರಾಶಿಯಿಂದ ಕೋಶವೇ ಸಾಯುತ್ತದೆ. ಹಂದಿಗೋಡಿನದು ಈ ಎರಡರಲ್ಲೊಂದು ಎಂದು ನಾನು ಹೇಳುತ್ತಿಲ್ಲ. ಹೊರನೋಟಕ್ಕೆ ಒಂದೇ ಬಗೆಯ ಕುಂಟು, ಕೋಶದೊಳಗೆ ಬೇರೆ ಬೇರೆ ಅವಘಡಗಳಿಂದ ಆಗಬಹುದು ಎಂಬುದಷ್ಟೇ ಮಾತು.

ಹಾಗಿರುವಾಗ ಚಿಕಿತ್ಸೆಯೂ ಬೇರೆಯಾಗಬೇಕು. ಇನ್ಸುಲಿನ್ನಿನಂತೆ, ಕುಸುಮರೋಗದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶದಂತೆ, ಇಲ್ಲದ ಪ್ರೋಟೀನನ್ನು ಹೊರಗಿನಿಂದ ಕೊಡಬಹುದು. ಇರುವ ಪ್ರೋಟೀನೇ ಕೇಡು ಮಾಡುತ್ತಿದ್ದರೆ ಎಷ್ಟು ಕೊಟ್ಟೂ ಫಲವಿಲ್ಲ, ಅದನ್ನು ತಡೆಯಬೇಕು. ರಾಮಚಂದ್ರನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತಶಾಸ್ತ್ರದ ವಿಭಾಗ ಕಟ್ಟುತ್ತಿದ್ದರು. ಹಂದಿಗೋಡಿನ ಸುದ್ದಿ ಹೊರಬಿದ್ದದ್ದು ಅದೇ ದಶಕದಲ್ಲಿ, ಅದೇ ರಾಜ್ಯದಲ್ಲಿ. ಆದರೆ ವಂಶವಾಹಿಯ ಅಕ್ಷರಗಳನ್ನು ಸುಲಭವಾಗಿ ಓದುವ ಸ್ಯಾಂಗರ್ ವಿಧಾನ ಬಂದದ್ದೇ 1977ರಲ್ಲಿ. ಅಂದು ಯಾರನ್ನೂ ದೂರುವಂತಿಲ್ಲ.

ಅನಂತರದ ವರ್ಷಗಳಿಗೆ ಆ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಲಖನೌದ ವರದಿ ಬಂದ 1994ರಲ್ಲೇ, ಜಗತ್ತಿನೆಲ್ಲೆಡೆ ಕಾಣುವ ಇನ್ನೊಂದು ಬಗೆಯ ಕುಬ್ಜತೆಯಾದ ಅಕಾಂಡ್ರೋಪ್ಲೇಸಿಯಾದ ವಂಶವಾಹಿ ಪತ್ತೆಯಾಯಿತು. ಮೂಳೆಯ ಬೆಳವಣಿಗೆಗೆ ಲಗಾಮಿನಂತಿರುವ ಒಂದು ಗ್ರಾಹಕ ಪ್ರೋಟೀನು ಅದರಲ್ಲಿ ಸದಾ ಬಿಗಿದುಕೊಂಡೇ ಇರುತ್ತದೆ. ಆ ಒಂದು ತಿಳಿವಿನ ಬೆನ್ನು ಹಿಡಿದು, ಬಿಗಿತವನ್ನು ಸಡಿಲಿಸುವ ವೊಸೊರಿಟೈಡ್ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಯೂರೋಪಿನಲ್ಲೂ ಅಮೆರಿಕದಲ್ಲೂ ಒಪ್ಪಿಗೆ ದೊರೆಯಿತು. ಅದಕ್ಕೆ 27 ವರ್ಷ ಹಿಡಿಯಿತು, ನಿಜ. ಆದರೆ ಅದು ಎಲ್ಲ ದೇಶಗಳಲ್ಲೂ ರೋಗಿಗಳಿರುವ, ಔಷಧ ಕಂಪನಿಗೆ ಮಾರುಕಟ್ಟೆಯಿರುವ ರೋಗ. ಎರಡು ಜಿಲ್ಲೆಗಳ ಕೆಲವು ಕೇರಿಗಳ ರೋಗಕ್ಕೆ ಯಾವ ಮಾರುಕಟ್ಟೆ? ಕೀಟನಾಶಕ ಕಾರಣವೆಂದಾಗ ಸರ್ಕಾರ ಉತ್ತರ ಹೇಳಬೇಕಿತ್ತು. 'ಹುಟ್ಟಿನಿಂದ ಬಂದದ್ದು' ಎಂದಾಗ ಕಡತ ಮುಚ್ಚುವುದು ಹಗುರವಾಯಿತು.

ಈಗ ನಮ್ಮ ನೆರೆಯವರ ಕಥೆಗೆ ಬರಬಹುದು. ಅಲ್ಲಿ ನಡುವಿನ ಕೊಂಡಿ ಗೊತ್ತಿತ್ತು. ಅರಿವಳಿಕೆ ಕೊಡುವಾಗ ಗಂಟಲಿಗೆ ನಳಿಗೆ ಇಳಿಸಲು ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಬಳಸುತ್ತಾರೆ. ರಕ್ತದಲ್ಲಿರುವ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ, ಅದೂ ಪ್ರೋಟೀನೇ, ಆ ಔಷಧವನ್ನು ಕೆಲವೇ ನಿಮಿಷಗಳಲ್ಲಿ ಒಡೆದುಬಿಡುತ್ತದೆ. ಕಿಣ್ವ ಕೆಲಸ ಮಾಡದವರಲ್ಲಿ ಉಸಿರಾಟದ ಸ್ನಾಯುಗಳೂ ಗಂಟೆಗಟ್ಟಲೆ ನಿಶ್ಚಲವಾಗಿ, ಯಂತ್ರದ ಉಸಿರೇ ಗತಿಯಾಗುತ್ತದೆ. ಈ ಕಿಣ್ವದ ಆನುವಂಶಿಕ ದೋಷವನ್ನು 1950ರ ದಶಕದಲ್ಲೇ ವರ್ನರ್ ಕ್ಯಾಲೋ ತೋರಿಸಿದ್ದರು. ಕೊಯಮತ್ತೂರಿನ ಆರ್. ಬೂಪತಿ ಮತ್ತು ಸಂಗಡಿಗರು 2006ರಲ್ಲಿ ವೈಶ್ಯ ಸಮುದಾಯದವರಲ್ಲಿ ಅದರ ಒಂದು ಕಾರಣವನ್ನು ಗುರುತಿಸಿದರು: ಕಿಣ್ವದ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್.

ಇದು ಅವರಲ್ಲೇ ಏಕೆ ಎಂಬುದಕ್ಕೆ ಉತ್ತರ ದೊರೆತದ್ದು ತಾರ್ನಾಕದ ಮಗ್ಗುಲಿನ ಹಬ್ಸಿಗುಡದಲ್ಲಿ. 1977ರಲ್ಲಿ ಆರಂಭವಾದ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರ ಅಲ್ಲಿದೆ. ಅಲ್ಲಿನ ಕೆ. ತಂಗರಾಜ್ ಅವರು ಹಾರ್ವರ್ಡಿನ ಡೇವಿಡ್ ರೈಕ್ ಮೊದಲಾದವರೊಡನೆ 2017ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿತು. ಕೆಲವೇ ಪೂರ್ವಿಕರಿಂದ ಬೆಳೆದು, ಹೊರಗಿನವರೊಡನೆ ಬೆರೆಯದೆ ಉಳಿದ ಗುರುತು ಅವುಗಳಲ್ಲಿ 81ರಲ್ಲಿ ಎದ್ದುಕಂಡಿತು, ಅದೂ ಈ ವಿಷಯಕ್ಕೆ ಹೆಸರಾದ ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿ. ವೈಶ್ಯರು ಆ ಗುಂಪಿನಲ್ಲಿದ್ದಾರೆ. ಅವರಲ್ಲಿ ಈ ಕಿಣ್ವದ ಕೊರತೆ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಇದು ದುರ್ಬಲ ಗುಣವಾದ್ದರಿಂದ ಇಲ್ಲಿ ಒಳಮದುವೆಗೆ ನೇರ ಪಾತ್ರವಿದೆ. ಹಂದಿಗೋಡಿನವರ ಮೇಲೆ ಹೊರಿಸಿದ ಆರೋಪ ಒಪ್ಪುವುದು ಈ ಬಗೆಯ ದೋಷಕ್ಕೆ. ಚಿಕಿತ್ಸೆಯೋ, ಬಿಡಿಗಾಸಿನ ಖರ್ಚಿಲ್ಲದ್ದು: ಆ ಒಂದು ಔಷಧವನ್ನೂ ಅದೇ ಕಿಣ್ವ ಒಡೆಯುವ ಮೈವಕ್ಯೂರಿಯಮ್ಮನ್ನೂ ಬಿಟ್ಟು ಬೇರೆಯದನ್ನು ಕೊಡುವುದು.

ನೆರೆಮನೆಯ ಹುಡುಗಿಗೆ ಹಾಗೆಯೇ ಬೇರೆ ಔಷಧ ಕೊಟ್ಟರು. ಮೂರನೆಯ ದಿನ ಮನೆಗೆ ಬಂದಳು. ಆಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆಯೆಂದು ತಿಳಿಯಿತು. ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿರುತ್ತದೆಂದು ನಾನು ಹೇಳಿದಾಗ ಆಕೆಯ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನನ್ನು ಕರೆದು, ನಾಳೆ ಬೆಳಿಗ್ಗೆ ರಕ್ತ ಕೊಡಲು ಹೋಗಬೇಕೆಂದು ಹೇಳಿ, ರಾಯಚೂರಿನ ಅಣ್ಣನಿಗೆ ಫೋನು ಹಚ್ಚಿದರು.